ಸರಿಮಾಡಕ್ಕನ ಕೈ

ಅವಳ ಕೈ ಸುಮ್ಮನಿರುವ ಕೈಯಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ ಅದನ್ನು ಬಿಡಿಸಿ, ಅವನು ಬೆಚ್ಚಿ ತಿರುಗಿದಾಗ ‘ಕಾಲರ್ ಮಡಚಿತ್ತು’ ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡುತ್ತ ಕೂರುವ ಪೈಕಿ. ಬ್ಯಾಂಕಿಗೆ ಹೋದರೆ ಅಲ್ಲಿ ದಾರ ಕಟ್ಟಿಟ್ಟಿರುವ ಪೆನ್ನಿನ ಸಿಕ್ಕು ಬಿಡಿಸಿಯೇ ಬರುತ್ತಾಳೆ. ನೆಂಟರ ಮನೆಯಲ್ಲಿ ಗೋಡೆಯ ಫೋಟೋ ವಾಲಿಕೊಂಡಿದ್ದರೆ, ಮಾತು ಎಲ್ಲಿಗೇ ಬಂದಿರಲಿ, ಎದ್ದು ಹೋಗಿ ನೆಟ್ಟಗೆ ಮಾಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಶರ್ಟ್ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೈಕೆಳಗಿದ್ದ ಹುಡುಗಿಯರು ಅವಳಿಗೆ ಸರಿಮಾಡಕ್ಕ ಎಂದು ಹೆಸರಿಟ್ಟಿದ್ದು ಸುಮ್ಮಸುಮ್ಮನೆ ಅಲ್ಲ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಗೇಟಿನಲ್ಲಿ ಹಾಜರಿ ಹಾಕುವವನೂ ಹಾಗೇ ಕರೆದ. ನಿಜವಾದ ಹೆಸರು ಗೊತ್ತಿರುವುದು ಗಂಡನಿಗೆ. ಅವನೋ ಮದುವೆಯಾದಂದಿನಿಂದ ‘ಇವಳೇ’ ಎಂದೇ ಕರೆಯುವವನು.

ಕಾರ್ಖಾನೆಯಲ್ಲಿ ಅವಳು ಒಂದು ಲೈನಿನ ಸೂಪರ್‌ವೈಸರ್. ಲೈನ್ ಎಂದರೆ ಸಾಲಾಗಿ ಹಾಕಿದ ಹೊಲಿಗೆ ಮಿಷನ್ನುಗಳು. ಈ ತುದಿಯಲ್ಲಿ ಕತ್ತರಿಸಿದ ಬಟ್ಟೆ ಒಳಗೆ ಹೋದರೆ ಆ ತುದಿಯಲ್ಲಿ ಗುಂಡಿ ಹಾಕಿದ ಶರ್ಟು ಹೊರಗೆ ಬರಬೇಕು. ಪ್ರತಿ ಲೈನಿಗೂ ಒಂದು ಬೋರ್ಡು, ಅದರಲ್ಲಿ ಆ ದಿನ ದೋಷವಿದ್ದ ಶರ್ಟುಗಳ ಸಂಖ್ಯೆ. ಬೇರೆಯವರ ಬೋರ್ಡಿನಲ್ಲಿ ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ಸರಿಮಾಡಕ್ಕನ ಬೋರ್ಡಿನಲ್ಲಿ ಮಾತ್ರ ಯಾವಾಗಲೂ ಸೊನ್ನೆ. ಅದರ ಗುಟ್ಟು ಅವಳ ಊಟದ ಬಿಡುವಿನಲ್ಲಿತ್ತು. ಅವಳ ಲೈನಿನ ಕಾಲರ್ ಮಿಷನ್ನಿಗೆ ವಯಸ್ಸಾಗಿತ್ತು. ಕಾಲರಿನ ಒಂದು ಮೂಲೆ ಚೂಪಾಗಿ ಹೊಲಿದು ಇನ್ನೊಂದನ್ನು ಮೊಂಡು ಮಾಡಿಬಿಡುತ್ತಿತ್ತು. ಅವಳು ಅಂಥವನ್ನು ಬೇರೆ ಎತ್ತಿಟ್ಟುಕೊಂಡು, ಎಲ್ಲರೂ ಊಟಕ್ಕೆ ಎದ್ದಾಗ ಬಿಚ್ಚಿ, ಪಕ್ಕದ ಮಿಷನ್ನಿನಲ್ಲಿ ತಾನೇ ಮತ್ತೆ ಹೊಲಿದು, ಬಾಯಿಬಿಡದೆ ಬಂಡಲಿಗೆ ಸೇರಿಸುತ್ತಿದ್ದಳು. ತಪಾಸಣೆಯ ಮೇಜಿಗೆ ಹೋಗುವಾಗ ಒಂದರಲ್ಲೂ ಹುಳುಕಿರುತ್ತಿರಲಿಲ್ಲ. ಕಾರ್ಖಾನೆಯವರು ಖುಷಿಪಟ್ಟು ಅವಳಿಗೊಂದು ಗೋಡೆ ಗಡಿಯಾರ ಬಹುಮಾನ ಕೊಟ್ಟರು. ಅದರ ಮುಖದ ಮೇಲೆ ‘ದೋಷವಿಲ್ಲದ ಲೈನ್’ ಎಂದು ಅಚ್ಚಾಗಿದೆ. ಈಗಲೂ ಅದು ಅವಳ ಮನೆಯ ಹಾಲಿನಲ್ಲಿದೆ, ಸ್ವಲ್ಪ ಮುಂದೆ ಓಡುತ್ತದೆ, ಅವಳು ಆಗಾಗ ಕುರ್ಚಿ ಹತ್ತಿ ಸರಿಮಾಡುತ್ತಾಳೆ.

ಒಂದು ದಿನ ಶರ್ಟ್ ಕೊಳ್ಳುತ್ತಿದ್ದ ದೊಡ್ಡ ಕಂಪನಿಯವರು, ನಿಮ್ಮ ಮಾಲು ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ ಎಂದು ಹೇಳಿ ಆರ್ಡರನ್ನು ಬೇರೆ ಕಡೆ ಕೊಟ್ಟರು. ಆಮೇಲೆ ಬಹಳ ದಿನ ಹಿಡಿಯಲಿಲ್ಲ, ಕಾರ್ಖಾನೆಗೆ ಬೀಗ ಬಿತ್ತು. ಗೇಟಿನ ಮುಂದೆ ಸೇರಿದ ಜನರ ನಡುವೆ ನಿಂತು ಅವಳು, “ನನ್ನ ಲೈನ್ ಚೆನ್ನಾಗೇ ಇತ್ತಲ್ಲ!” ಎಂದಳು. ಅವರವರ ಸಂಕಟ ಅವರವರಿಗೆ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐವತ್ತರ ಹೊಸ್ತಿಲಲ್ಲಿ ನಿಂತ ಹೆಂಗಸಿಗೆ ಕೆಲಸ ಕೊಡುವವರು ಯಾರು? ಒಂದಷ್ಟು ತಿಂಗಳು ಮನೆಯಲ್ಲಿ ಕೂತು ಇದ್ದಬದ್ದ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದಳು. ಆಗ ನೆನಪಾದವರು ಕಾರ್ಖಾನೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಆಡಿಟರ್‌ಗಳು. ಲೆಕ್ಕಪತ್ರ ನೋಡುವ ಆಡಿಟರ್‌ಗಳಲ್ಲ, ಕೆಲಸದ ರೀತಿ ನೋಡುವವರು. ನಾವು ಹೀಗೆ ಹೀಗೆ ಕೆಲಸ ಮಾಡುತ್ತೇವೆ ಎಂದು ಕಂಪನಿಯವರು ಒಪ್ಪಿ ಬರೆದಿಟ್ಟುಕೊಂಡಿರುತ್ತಾರಲ್ಲ, ಅದಕ್ಕೆ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದು ದೊಡ್ಡ ಹೆಸರು. ಹೇಳಿದ ಹಾಗೆ ಮಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವವರು ಆಡಿಟರ್. ಅದನ್ನು ಕಟ್ಟಿಕೊಳ್ಳುವುದು ಹೇಗೆಂದು ಹೇಳಿಕೊಡುವವರು ಕನ್ಸಲ್ಟೆಂಟ್. ಅವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು, ಲೈನಿನ ನಡುವೆ ನಿಧಾನವಾಗಿ ನಡೆದು, ಹುಬ್ಬೇರಿಸಿ ಹೋಗುತ್ತಿದ್ದರು. ಹುಬ್ಬೇರಿಸುವ ಕೆಲಸ ತನಗೂ ಬರುತ್ತದೆ ಎಂದು ಅವಳಿಗೆ ಅನ್ನಿಸಿತು.

ಶಾಲೆಯ ಬಸ್ಸು ಓಡಿಸುವ ಗಂಡ ಅಡ್ಡ ಮಾತಾಡಲಿಲ್ಲ. “ನೀನು ಹೆಂಗಿದ್ರೂ ಕಂಡೋರ ತಪ್ಪು ಹುಡುಕ್ತಾನೇ ಇರ್ತೀಯ. ಇಷ್ಟು ದಿನ ಬಿಟ್ಟಿ ಹುಡುಕಿದೆ, ಇನ್ಮೇಲೆ ಕೆಲಸ ಅಂತ ಹುಡುಕು,” ಎಂದ. ಅದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುತ್ತಲೇ ಅವಳು ತರಬೇತಿಗೆ ಸೇರಿದಳು.

ಅಲ್ಲಿ ಪಾಠ ಮಾಡುತ್ತಿದ್ದವರು ತಲೆ ನರೆತ ಹಿರಿಯ ಆಡಿಟರ್. ಮಾತಿಗೊಮ್ಮೆ ‘ಮುಟ್ಬೇಡಿ’ ಎನ್ನುತ್ತಿದ್ದರು. ತರಗತಿಯವರು ಅವರಿಗೆ ಮುಟ್ಬೇಡಿ ಸಾರ್ ಎಂದೇ ಹೆಸರಿಟ್ಟರು. “ನೋಡಿ, ಕೇಳಿ, ಏನು ಕಂಡಿತೋ ಅಷ್ಟನ್ನೇ ಹೇಳಿ. ಮುಟ್ಬೇಡಿ. ಹೆಂಗೆ ಸರಿಮಾಡ್ಬೇಕು ಅಂತ ಹೇಳ್ಲೇಬೇಡಿ, ಅದು ಕನ್ಸಲ್ಟೆಂಟ್ ಕೆಲಸ. ಎರಡೂ ಕೆಲಸ ಕಲೀರಿ, ಬೇಡ ಅನ್ನಲ್ಲ. ಆದ್ರೆ ಒಂದೇ ಜಾಗದಲ್ಲಿ ಎರಡೂ ಮಾಡ್ಬೇಡಿ.”

ಅವಳು ಕೈಯೆತ್ತಿದಳು. “ತಪ್ಪು ಕಣ್ಮುಂದೇನೇ ಇದೆ ಸಾರ್. ಸರಿಮಾಡೋದು ಹೆಂಗೆ ಅಂತ ನಂಗೆ ಗೊತ್ತಿದೆ. ಆದ್ರೂ ಸುಮ್ನಿರ್ಬೇಕಾ?”

“ಸುಮ್ನಿರ್ಬೇಕು.”

“ಯಾಕೆ ಸಾರ್?”

“ನೀವು ಸರಿಮಾಡಿದ್ರೆ ಅದು ನಿಮ್ಮ ಕೆಲಸ ಆಗೋಯ್ತಲ್ಲಮ್ಮ. ನಿಮ್ಮ ಕೆಲಸ ನೀವೇ ನೋಡಿ ಚೆನ್ನಾಗಿದೆ ಅಂದ್ರೆ ಯಾರು ನಂಬ್ತಾರೆ?”

ತಲೆಗೆ ಇದು ಅರ್ಥವಾಯಿತು. ಕೈಗೆ ಆಗಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಅವಳು ಚೆನ್ನಾಗಿಯೇ ಪಾಸಾದಳು. ಮಾಡುವ ಕೆಲಸಕ್ಕೆ ಬಂದಾಗ ತಲೆ ಮೊಸರುಗಡಿಗೆಯಾಯಿತು. ವಾರದ ಮೊದಲಲ್ಲಿ ಒಂದು ಬೇಕರಿಗೆ ಕನ್ಸಲ್ಟೆಂಟ್ ಆಗಿ ಹೋಗಬೇಕು, ಅಲ್ಲಿ ಹೇಳಬೇಕು. ವಾರದ ಕೊನೆಗೆ ಎಲ್ಲಾದರೂ ಕಲಿಯುವ ಆಡಿಟರ್ ಆಗಿ ಹಿರಿಯರ ಹಿಂದೆ ಹೋಗಬೇಕು, ಅಲ್ಲಿ ಹೇಳಬಾರದು. ಬಣ್ಣದ ಗೋದಾಮಿನಲ್ಲಿ ಆಡಿಟ್ ಮಾಡುವಾಗ ಡಬ್ಬಗಳನ್ನು ಎಲ್ಲಿಡಬೇಕು, ಯಾವುದರ ಮೇಲೆ ಯಾವುದು, ಚೀಟಿ ಯಾವ ಕಡೆ ಎಂದೆಲ್ಲ ಪಾಠ ಮಾಡಿ ಮುಗಿಸಿದ ಮೇಲೆ ಬೆನ್ನ ಹಿಂದೆ ಮುಟ್ಬೇಡಿ ಸಾರ್ ಕೆಮ್ಮಿದ್ದು ಕೇಳಿಸಿತು. ಅದಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಬೇಕರಿಯಲ್ಲಿ ಆ ಬೀಗ ತೆಗೆಯಲು ಮರೆತಳು.

“ಮೇಡಂ, ಈ ಹಿಟ್ಟಿನ ಮೂಟೆ ಎಲ್ಲಿಡೋದು?” ಎಂದು ಬೇಕರಿ ಯಜಮಾನ ಕೇಳಿದ.

“ಎಲ್ಲಿಡ್ಬೇಕು ಅಂತ ನೀವು ನಿರ್ಧಾರ ಮಾಡಿದೀರಿ?”

“ಅದನ್ನೇ ಕೇಳ್ತಿರೋದು.”

“ಅದನ್ನ ನಿರ್ಧಾರ ಮಾಡೋರು ಯಾರು ನಿಮ್ಮಲ್ಲಿ?”

ಯಜಮಾನ ಹೆಗಲ ಮೇಲಿನ ಮೂಟೆಯನ್ನು ದೊಪ್ಪನೆ ಕೆಳಗೆ ಹಾಕಿದ. ಇಬ್ಬರ ಮುಖಕ್ಕೂ ಹಿಟ್ಟು ಹಾರಿತು. “ನಾನೂ ಕೇಳೋದು, ನೀವೂ ಕೇಳೋದು. ಇಬ್ರೂ ಕೇಳ್ತಾ ನಿಂತ್ರೆ ಹೇಳೋರು ಯಾರು ಮೇಡಂ?”

ಮನೆಯಲ್ಲಾದರೂ ಅಭ್ಯಾಸ ಮಾಡೋಣ ಎಂದುಕೊಂಡಳು. ಅಡುಗೆಮನೆಯಲ್ಲಿ ಸಿಂಕಿನ ಮೇಲಿನ ಗೋಡೆಗೆ ಒಂದು ಕಪಾಟಿದೆ. ಅವಳ ಗಂಡ ಅದರಿಂದ ಲೋಟ ತೆಗೆದುಕೊಂಡರೆ ಬಾಗಿಲು ಹಾಕುವುದಿಲ್ಲ. ಮದುವೆಯಾದಾಗಿನಿಂದ ಅವನು ತೆಗೆದು ಹೋಗುತ್ತಾನೆ, ಹಿಂದೆಯೇ ಬಂದು ಇವಳು ಹಾಕುತ್ತಾಳೆ. ಅದು ಉಸಿರಾಟದಷ್ಟು ರೂಢಿಯಾಗಿ, ಆ ಬಗ್ಗೆ ಅವರಿಬ್ಬರ ನಡುವೆ ಒಂದು ಮಾತೂ ಎಂದೂ ಬಂದಿರಲಿಲ್ಲ. ಈಗ ಅವಳು ಮುಟ್ಟದೆ, ಹೇಳದೆ, ಬರಿದೆ ನೋಡುತ್ತ ನಿಲ್ಲಲು ನಿಶ್ಚಯಿಸಿದಳು. ಕೈ ಎರಡು ಸಲ ತಾನಾಗಿ ಮೇಲೆದ್ದಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಗಂಡ ನೀರು ಕುಡಿದು, ಲೋಟ ತೊಳೆದು, ನೆಟ್ಟಗಾಗಲು ಹೋಗಿ ಬಾಗಿಲಿನ ಮೂಲೆಗೆ ಹಣೆ ಚಚ್ಚಿಕೊಂಡ.

“ಅಯ್ಯಯ್ಯೋ! ಈ ಬಾಗಿಲು ಯಾರು ತೆಗೆದಿದ್ದು?”

“ನೀವೇ.”

“ನಾನಾ? ನಾನು ಯಾವತ್ತು ತೆಗೆದು ಬಿಟ್ಟಿದೀನಿ?”

“ಯಾವಾಗ್ಲೂ.”

ಅವನು ಹಣೆ ಒತ್ತಿಕೊಂಡು ಅವಳನ್ನೇ ನೋಡಿದ. ನಾಟಕವಾಡುತ್ತಿರಲಿಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. “ನೋಡ್ಕೊಂಡು ನಿಂತಿದ್ಯಲ್ಲೇ, ಹಾಕಕ್ಕೇನಾಗಿತ್ತು? ಮೈ ಹುಷಾರಿದೆ ತಾನೆ?” ಎಂದ.

“ನಾನು ಆಡಿಟರ್,” ಎಂದಳು. ಹೇಳಿ ತಾನೇ ಕಕ್ಕಾಬಿಕ್ಕಿಯಾದಳು. ಗಂಡನ ಹಣೆಯಲ್ಲಿ ಬುಗುಟೆ ಎದ್ದಿತ್ತು. ಇದು ತಾನು ಗೆದ್ದ ಹಾಗೋ ಸೋತ ಹಾಗೋ ಗೊತ್ತಾಗದೆ, ಒಂದು ಬಟ್ಟೆ ಒದ್ದೆ ಮಾಡಿ ತಂದು ಅವನ ಹಣೆಗೆ ಒತ್ತಿದಳು.

ಇಷ್ಟರಲ್ಲಿ ಪರೀಕ್ಷೆಯ ಆಡಿಟ್ ಬಂತು. ಅವಳೇ ಮುಂದೆ ನಿಂತು ಪೂರ್ತಿ ಆಡಿಟ್ ನಡೆಸಬೇಕು, ಮುಟ್ಬೇಡಿ ಸಾರ್ ಹಿಂದೆ ನಿಂತು ನೋಡುತ್ತಾರೆ. ಅವರು ಸರಿ ಎಂದು ಸಹಿ ಹಾಕಿದರೆ ಅವಳು ಆಡಿಟರ್. ಹಾಕದಿದ್ದರೆ ಅಲ್ಲಿಗೆ ಮುಗಿಯಿತು. ಬಣ್ಣದ ಗೋದಾಮಿನ ಕಥೆ ಕೇಳಿದ್ದ, ಅವಳನ್ನು ಕಲಿಯಲು ಕಳಿಸುತ್ತಿದ್ದ ಆಡಿಟ್ ಕಂಪನಿಯವರು, ಇದೂ ಕೈಕೊಟ್ಟರೆ ನಿಮ್ಮನ್ನು ಕಳಿಸಲು ನಮಗೆ ಕಷ್ಟವಾಗುತ್ತದೆ ಎಂದು ಮೆತ್ತಗೇ ಹೇಳಿದ್ದರು. ಬೇಕರಿ ಯಜಮಾನನೂ ಈಚೆಗೆ ಫೋನ್ ಎತ್ತುತ್ತಿರಲಿಲ್ಲ. ಇನ್ನೊಂದು ಹೊಸ ಕೆಲಸ ಹುಡುಕುವ ತ್ರಾಣ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಆ ಬೆಳಿಗ್ಗೆ ಕೈಯಲ್ಲಿ ಫೈಲು ಹಿಡಿದಳು. ಅದು ಬರೆಯುವುದಕ್ಕಿಂತ ಹೆಚ್ಚಾಗಿ ಕೈಯನ್ನು ಕಟ್ಟಿಹಾಕುವುದಕ್ಕೆ.

ಆಡಿಟ್ ಇದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಕಟ್ಟಡದ ನಡುವೆ ಒಂದು ಗೋಡೆ, ಗೋಡೆಯೊಳಗೇ ಹೂತಂತೆ ನಿಲ್ಲಿಸಿದ ಒಗೆಯುವ ಯಂತ್ರಗಳು. ಒಂದೊಂದಕ್ಕೂ ಎರಡು ಬಾಗಿಲು. ಕೊಳೆ ಬಟ್ಟೆಯನ್ನು ಈ ಬದಿಯಿಂದ ತುಂಬುತ್ತಾರೆ, ಒಗೆದದ್ದನ್ನು ಗೋಡೆಯ ಆಚೆ ಬದಿಯಿಂದ ತೆಗೆಯುತ್ತಾರೆ. ಕೊಳೆಯ ಬದಿಯಲ್ಲಿ ಕೆಂಪು ಟ್ರಾಲಿ, ಶುದ್ಧ ಬದಿಯಲ್ಲಿ ನೀಲಿ ಟ್ರಾಲಿ. ಕೆಂಪು ಶುದ್ಧ ಬದಿಗೆ ಬರಬಾರದು, ನೀಲಿ ಕೊಳೆಯ ಬದಿಗೆ ಹೋಗಬಾರದು. ಜನ ದಾಟುವುದಾದರೆ ಕೈ ತೊಳೆದು ದಾಟಬೇಕು. ಇದನ್ನೆಲ್ಲ ಲಾಂಡ್ರಿಯ ಮ್ಯಾನೇಜರ್ ಹೆಮ್ಮೆಯಿಂದ ವಿವರಿಸಿದ. ಎಳೆ ವಯಸ್ಸಿನವನು, ಮಾತಿಗೆ ಮುಂಚೆ ನಗುವವನು. ಅವಳು ತಲೆಯಾಡಿಸಿ ಬರೆದುಕೊಂಡಳು. ಎಲ್ಲ ಸಲೀಸಾಗಿ ಸಾಗುತ್ತಿತ್ತು.

ಶುದ್ಧ ಬದಿಗೆ ಬಂದಾಗ ಬಿಸಿ ಬಟ್ಟೆಯ ವಾಸನೆ ಹಳೆಯ ಕಾರ್ಖಾನೆಯ ಇಸ್ತ್ರಿ ವಿಭಾಗವನ್ನೇ ನೆನಪಿಸಿತು. ಬಹುಶಃ ಅದೇ ಕೆಲಸ ಕೆಡಿಸಿತು. ದಾಟುವ ಬಾಗಿಲ ಪಕ್ಕದಲ್ಲಿ, ಎಲ್ಲಿರಬಾರದೋ ಅಲ್ಲಿ, ಕೊಳೆ ಬಟ್ಟೆಯ ಚೀಲ ಹೊತ್ತ ಒಂದು ಕೆಂಪು ಟ್ರಾಲಿ ನಿಂತಿತ್ತು. “ಇದ್ಯಾಕೆ ಇಲ್ಲಿಗೆ ಬಂತು?” ಎಂದು ಗೊಣಗುತ್ತ ಅವಳು ಅದರ ಹಿಡಿ ಹಿಡಿದು, ಮೊಣಕಾಲಿನಿಂದ ಬಾಗಿಲು ತಳ್ಳಿ, ಟ್ರಾಲಿಯನ್ನು ಆಚೆ ಬದಿಗೆ ದೂಡಿಬಿಟ್ಟಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ತಿರುಗಿ, ದೊಡ್ಡ ತಪ್ಪು ಹಿಡಿದ ಉತ್ಸಾಹದಲ್ಲಿ ಫೈಲು ಬಿಚ್ಚಿದಳು.

“ಕೆಂಪು ಟ್ರಾಲಿ ಶುದ್ಧ ಬದಿಯಲ್ಲಿದೆ,” ಎಂದಳು.

ಮ್ಯಾನೇಜರ್ ಸುತ್ತ ನೋಡಿ ನಕ್ಕ. “ಎಲ್ಲಿದೆ ಮೇಡಂ?”

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ನೋಡಿದ್ದ, ನೋಡಿಯೇ ನಗುತ್ತಿದ್ದ. ಆದರೆ ತೋರಿಸಲು ಅಲ್ಲಿ ಖಾಲಿ ನೆಲ ಬಿಟ್ಟು ಏನೂ ಇರಲಿಲ್ಲ. ಮುಟ್ಬೇಡಿ ಸಾರ್ ಕಡೆ ತಿರುಗಿದಳು. “ಸಾರ್, ನೀವು ನೋಡಿದ್ರಲ್ಲ?”

“ನಾನು ನೋಡಿದ್ದು ಲೆಕ್ಕಕ್ಕಿಲ್ಲಮ್ಮ. ಇವತ್ತು ಆಡಿಟರ್ ನೀವು. ಎಲ್ಲಿತ್ತು, ಯಾವಾಗಿಂದ ಇತ್ತು, ಯಾರು ತಂದ್ರು ಅಂತ ಕೇಳಿದ್ರಾ? ಫೋಟೋ ತೆಗೆದ್ರಾ?”

“ಇಲ್ಲ.”

“ಮತ್ತೆ ಇನ್ನೇನು, ಮುಂದೆ ನಡೀರಿ.”

ಇದ್ದ ಸಾಕ್ಷಿಯನ್ನು ಸ್ವಂತ ಕೈಯಿಂದ ತಳ್ಳಿ ಬಂದ ಆಡಿಟರ್ ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗನ್ನಿಸಿತು. ಆ ಗಡಿಬಿಡಿಯಲ್ಲೇ ಬಟ್ಟೆ ಮಡಿಸುವ ಮೇಜಿನ ಮುಂದೆ ಹೋಗಿ ನಿಂತಳು. ಮೇಜಿನಾಚೆ ಒಬ್ಬ ಹೆಂಗಸು ಹೆರಿಗೆ ವಾರ್ಡಿಗೆ ಹೋಗುವ ಹಾಸುಬಟ್ಟೆಗಳನ್ನು ಮಡಿಸಿ ಪೇರಿಸುತ್ತಿದ್ದಳು. ಎಷ್ಟು ಬಿಸಿಯಲ್ಲಿ ಒಗೆಯುತ್ತೀರಿ, ಒಣಗಿದ್ದು ಹೇಗೆ ಗೊತ್ತಾಗುತ್ತದೆ, ಕಲೆ ಕಂಡರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದಳು, ಹೆಂಗಸು ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಕೇಳುವಾಗ ಹೆಂಗಸಿನ ಕಣ್ಣು ತನ್ನ ಕೈಯ ಕಡೆ ಹೋದದ್ದು ಇವಳಿಗೆ ಕಂಡಿತು. ಯಾಕೆಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಚಹಾದ ಬಿಡುವಿನಲ್ಲಿ. ಕೆಲಸದವರೆಲ್ಲ ಎದ್ದು ಹೋದರು, ಇವರೂ ಆಫೀಸಿನ ಕಡೆ ಹೊರಟರು. ಬೇಸಿನ್ನಿನ ಮುಂದೆ ಮುಟ್ಬೇಡಿ ಸಾರ್ ಕೈಗೆ ಸೋಪು ಹಚ್ಚುತ್ತ, “ನೀವೂ ಕೈ ತೊಳ್ಕೊಂಡು ಬನ್ನಿ,” ಎಂದು ಹೇಳಿ ಒಳಗೆ ಹೋದರು. ಅವಳು ನಲ್ಲಿ ತಿರುಗಿಸಿ ಕೈ ನೋಡಿಕೊಂಡಳು. ಈ ಕೈ ಕೊಳೆ ಟ್ರಾಲಿಯ ಹಿಡಿ ಹಿಡಿದಿತ್ತು. ಆಮೇಲೆ ಮಡಿಸುವ ಮೇಜಿನಲ್ಲಿ, ಮಾತಾಡುತ್ತ ಮಾತಾಡುತ್ತ, ಪೇರಿಸಿದ ಹಾಸುಬಟ್ಟೆಯಲ್ಲೊಂದರ ಮೂಲೆ ಹೊರಗೆ ಇಣುಕಿದ್ದನ್ನು ಒಳಗೆ ಸೇರಿಸಿ, ಮೇಲಿನಿಂದ ಕೆಳಗಿನವರೆಗೆ ಸವರಿ ಸಮ ಮಾಡಿತ್ತು. ಆ ಬಟ್ಟೆ ಹೆರಿಗೆ ವಾರ್ಡಿಗೆ ಹೋಗುತ್ತದೆ.

ಒಂದೇ ಉಸಿರಿಗೆ ಕೈ ಉಜ್ಜಿ ತೊಳೆದು ವಾಪಸು ಓಡಿದಳು. ಶುದ್ಧ ಬದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆ ಪೇರು ನೀಲಿ ಟ್ರಾಲಿಗೆ ಏರಿ, ವ್ಯಾನಿಗೆ ಹೋಗಲು ಸಿದ್ಧವಾಗಿ ನಿಂತಿತ್ತು. ಅವಳು ಯೋಚಿಸಲಿಲ್ಲ. ಕೈ ಯೋಚಿಸಿತು. ಪೇರನ್ನು ಎತ್ತಿ ಎದೆಗೊತ್ತಿಕೊಂಡು ದಾಟುವ ಬಾಗಿಲ ಕಡೆ ನಡೆದಳು. ಆಚೆ ಹಾಕಿಬಿಟ್ಟರೆ ಮುಗಿಯಿತು. ಕೊಳೆ ಬಟ್ಟೆಯ ಜೊತೆ ಸೇರಿ ಮತ್ತೆ ಒಗೆದು ಬರುತ್ತದೆ. ಬಾಣಂತಿಯರಿಗೆ ತೊಂದರೆಯಿಲ್ಲ, ಲಾಂಡ್ರಿಗೆ ನಷ್ಟವಿಲ್ಲ, ತನ್ನ ಪರೀಕ್ಷೆಗೂ ಧಕ್ಕೆಯಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಎಷ್ಟೊಂದು ಕಾಲರ್‌ಗಳನ್ನು ಅವಳು ಸರಿಮಾಡಿಲ್ಲ?

ಬಾಗಿಲ ಮುಂದೆ ಹೋಗಿ ನಿಂತಳು. ಕಾಲು ಮುಂದೆ ಹೋಗಲಿಲ್ಲ. ಹಿಂದಕ್ಕೂ ಹೋಗಲಾಗಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಗಿ, ಬೆಚ್ಚಗಿನ ಬಟ್ಟೆಯ ಪೇರನ್ನು ತಬ್ಬಿಕೊಂಡು ಸುಮ್ಮನೆ ನಿಂತಿದ್ದಾಗ ಮಡಿಸುವ ಹೆಂಗಸು ಬಾಯಿ ಒರೆಸಿಕೊಳ್ಳುತ್ತ ಬಂದಳು.

“ನಾನು ಇದನ್ನ ಮುಟ್ಟಿದ್ದು ನೋಡಿದ್ರಾ?” ಎಂದು ಇವಳು ಕೇಳಿದಳು.

“ನೋಡ್ದೆ ಅಮ್ಮ.”

“ಟ್ರಾಲಿ ಮುಟ್ಟಿದ್ದು?”

“ಅದನ್ನೂ ನೋಡ್ದೆ.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನಿಮ್ಮ ಕೈಲಿ ಫೈಲ್ ಇತ್ತಲ್ಲಮ್ಮ. ಫೈಲ್ ಹಿಡ್ಕೊಂಡು ಬಂದೋರ್ಗೆ ನಾವು ಏನು ಅಂತ ಹೇಳೋದು?”

ಸರಿಮಾಡಕ್ಕನಿಗೆ ಗಂಡನ ಹಣೆಯ ಬುಗುಟೆ ಯಾಕೆ ನೆನಪಾಯಿತೋ ದೇವರಿಗೇ ಗೊತ್ತು. ಈ ಪೇರನ್ನು ಆಚೆ ಹಾಕಿದರೆ ಇವತ್ತಿನದು ಸರಿಹೋಗುತ್ತದೆ. ನಾಳೆ ಇನ್ನೊಬ್ಬರು ಫೈಲು ಹಿಡಿದು ಬರುತ್ತಾರೆ, ಮುಟ್ಟುತ್ತಾರೆ, ಈ ಹೆಂಗಸು ನೋಡುತ್ತ ನಿಲ್ಲುತ್ತಾಳೆ. ಆ ಬಟ್ಟೆಯನ್ನು ಆಚೆ ಹಾಕಲು ಯಾರೂ ಓಡಿಬರುವುದಿಲ್ಲ. ಇಷ್ಟು ತಿಳಿಯಿತು. ಇದನ್ನು ಆಡಿಟರ್ ಆಗಿ ಯೋಚಿಸುತ್ತಿದ್ದೇನೋ ಕನ್ಸಲ್ಟೆಂಟ್ ಆಗಿಯೋ ಎಂಬುದು ಮಾತ್ರ ಆಗಲೂ ತಿಳಿಯಲಿಲ್ಲ.

ಪೇರನ್ನು ತಬ್ಬಿಕೊಂಡೇ ಆಫೀಸಿಗೆ ನಡೆದಳು. ಮ್ಯಾನೇಜರ್ ಚಹಾದ ಕಪ್ಪು ಹಿಡಿದು ಎದ್ದು ನಿಂತ. ಮುಟ್ಬೇಡಿ ಸಾರ್ ಬಟ್ಟೆಯನ್ನೂ ಅವಳನ್ನೂ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು.

“ಇದು ಆಸ್ಪತ್ರೆಗೆ ಹೋಗೋ ಬಟ್ಟೆ,” ಎಂದಳು. “ಕೊಳೆ ಟ್ರಾಲಿ ಮುಟ್ಟಿದ ಕೈಯಲ್ಲೇ ನಾನಿದನ್ನ ಮುಟ್ಟಿದೀನಿ.”

“ಅಯ್ಯೋ, ಪರ್ವಾಗಿಲ್ಲ ಬಿಡಿ ಮೇಡಂ,” ಎಂದ ಮ್ಯಾನೇಜರ್. ಆಮೇಲೆ ಹಿರಿಯರ ಮುಖ ನೋಡಿ, “ಅಂದ್ರೆ, ಏನು ಮಾಡ್ಬೇಕು ಅಂತ ನೀವು ಹೇಳ್ತೀರಿ?” ಎಂದ.

“ಏನು ಮಾಡ್ಬೇಕು ಅಂತ ನಾನು ಹೇಳಲ್ಲ. ನಾನೇನು ಮಾಡ್ದೆ ಅಂತ ಹೇಳ್ತಿದೀನಿ.” ಮ್ಯಾನೇಜರ್ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟ. ಆಮೇಲೆ ಫೋನ್ ಎತ್ತಿ, ಹೆರಿಗೆ ವಾರ್ಡಿನ ಆ ಟ್ರಾಲಿಯನ್ನು ಪೂರ್ತಿ ವಾಪಸು ಒಗೆಯಲು ಹಾಕಿ ಎಂದ.

ದಿನದ ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಕಂಡದ್ದನ್ನು ಓದಿ ಹೇಳುವುದು ಆಡಿಟಿನ ಪದ್ಧತಿ. ಸಣ್ಣಪುಟ್ಟವನ್ನು ಓದಿ ಮುಗಿಸಿ ಅವಳು ಕೊನೆಯದಕ್ಕೆ ಬಂದಳು. “ಹೊರಗಿಂದ ಬಂದ ಒಬ್ರು, ಕೈ ತೊಳೀದೆ, ಕೊಳೆ ಟ್ರಾಲಿ ಮುಟ್ಟಿ ಆಮೇಲೆ ಶುದ್ಧ ಬಟ್ಟೆ ಮುಟ್ಟಿದ್ರು. ಅಲ್ಲಿದ್ದೋರು ಯಾರೂ ಅವ್ರನ್ನ ತಡೀಲಿಲ್ಲ. ತಡೀಬಹುದು ಅಂತ ಅಲ್ಲಿದ್ದೋರಿಗೆ ಯಾರೂ ಹೇಳಿಲ್ಲ. ಆ ಹೊರಗಿನೋರು ನಾನು.”

ಮ್ಯಾನೇಜರ್ ನಗುವುದನ್ನು ನಿಲ್ಲಿಸಿದ. “ಇದೆಲ್ಲಿಯ ನ್ಯಾಯ ಮೇಡಂ? ತಪ್ಪು ಮಾಡಿದ್ದು ನೀವು, ಬರೆಯೋದು ನಮ್ಮ ಮೇಲಾ?”

“ನನ್ನ ಮೇಲೆ ಏನು ಬರೀಬೇಕೋ ಅದನ್ನ ಸಾರ್ ಬರೀತಾರೆ,” ಎಂದಳು. ಮುಟ್ಬೇಡಿ ಸಾರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಏನನ್ನೂ ಬರೆಯಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮುಟ್ಬೇಡಿ ಸಾರ್ ಬಾಯಿ ಬಿಟ್ಟರು. “ಮುಟ್ಬಾರ್ದಿತ್ತು, ಮುಟ್ಟಿದ್ರಿ. ಒಂದ್ಸಲ ಅಲ್ಲ, ಎರಡ್ಸಲ. ಅದಕ್ಕೆ ನಿಮ್ಮನ್ನ ಫೇಲ್ ಮಾಡ್ಬೇಕು. ಆದ್ರೆ ಆ ಕೊನೇದು ಇದೆಯಲ್ಲ, ಆ ಲಾಂಡ್ರಿಗೆ ನಾನೇ ಎಷ್ಟೋ ಸಲ ಹೋಗಿದೀನಿ. ನಾನೂ ಫೈಲ್ ಹಿಡ್ಕೊಂಡೇ ಹೋಗಿದ್ದು. ನನ್ನನ್ನೂ ಯಾರೂ ತಡೀಲಿಲ್ಲ. ಅದು ನನ್ನ ಕಣ್ಣಿಗೆ ಬೀಳ್ಲೇ ಇಲ್ಲ.” ಖಾಲಿ ಹಾಳೆಯನ್ನು ಅವಳ ಕಡೆ ತೋರಿಸಿದರು. “ಏನು ಬರೀಬೇಕೋ ನಂಗೂ ಗೊತ್ತಾಗ್ತಿಲ್ಲಮ್ಮ.”

ಆ ಮಾತಿನಿಂದ ಅವಳಿಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಗೊತ್ತಿರುವವರು ಒಬ್ಬರಾದರೂ ಇರಲಿ ಎಂದು ಅವಳು ಅವರನ್ನೇ ನೆಚ್ಚಿಕೊಂಡಿದ್ದಳು.

ಒಂದು ವಾರ ಫೋನು ಬಂದಾಗಲೆಲ್ಲ ಮುಟ್ಬೇಡಿ ಸಾರ್ ಇರಬೇಕೆಂದು ಓಡಿ ಎತ್ತುತ್ತಿದ್ದಳು. ಮೊದಲು ಬಂದದ್ದು ಲಾಂಡ್ರಿಯ ಮ್ಯಾನೇಜರನ ಫೋನು. ಶುದ್ಧ ಬದಿಯ ಬಾಗಿಲಲ್ಲಿ ಈಗ ಯಾರೇ ಬಂದರೂ ಕೈ ತೊಳೆಯದೆ ಬಿಡುವುದಿಲ್ಲವಂತೆ. ತಡೆಯುವ ಅಧಿಕಾರವನ್ನು ಮಡಿಸುವ ಹೆಂಗಸಿಗೇ ಕೊಟ್ಟಿದ್ದಾರಂತೆ. ಅವಳು ಮೊದಲು ತಡೆದದ್ದು ಲಾಂಡ್ರಿಯ ಮಾಲೀಕರನ್ನೇ ಅಂತೆ. “ಅವ್ರ ಮುಖ ನೋಡ್ಬೇಕಿತ್ತು ಮೇಡಂ!” ಎಂದು ನಕ್ಕು, “ನೀವು ನಮಗೆ ಕನ್ಸಲ್ಟೆಂಟ್ ಆಗಿ ಬಂದ್ಬಿಡಿ. ಇನ್ನೂ ಏನೇನು ಸರಿಮಾಡ್ಬೇಕೋ ಎಲ್ಲ ಹೇಳ್ಕೊಡಿ,” ಎಂದ.

ಅವಳ ಕೈ ತುರಿಸಿತು. ಆ ಟ್ರಾಲಿಗಳನ್ನು ಹೇಗೆ ನಿಲ್ಲಿಸಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲಳು. “ಬರಕ್ಕಾಗಲ್ಲ. ನಾನು ನಿಮ್ಮಲ್ಲಿ ಆಡಿಟ್ ಮಾಡಿದೋಳು,” ಎಂದು ಫೋನಿಟ್ಟಳು. ಇಟ್ಟ ಮೇಲೆ, ತಾನು ಆಡಿಟರ್ ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲವಲ್ಲ ಎಂದು ನೆನಪಾಯಿತು.

ಸಂಜೆ ಮುಟ್ಬೇಡಿ ಸಾರ್ ಫೋನ್ ಮಾಡಿದರು. ಪಾಸೂ ಅಲ್ಲ, ಫೇಲೂ ಅಲ್ಲ. ಇನ್ನೊಂದು ಆಡಿಟಿನಲ್ಲಿ ಅವಳನ್ನು ಮತ್ತೆ ನೋಡಬೇಕು ಎಂದು ಆಡಿಟ್ ಕಂಪನಿಯವರ ಜೊತೆ ಜಗಳವಾಡಿ ಒಪ್ಪಿಸಿದ್ದರು. ಫೋನ್ ಇಡುವ ಮೊದಲು, “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು. “ಯಾರಿಗೂ ಹೇಳ್ದೆ ಸರಿಮಾಡೋ ಅಭ್ಯಾಸ ಎಲ್ಲಿ ಕಲಿತಿದ್ದು ನೀವು?”

ಅವಳು ಫೋನು ಹಿಡಿದುಕೊಂಡು ತಲೆಯೆತ್ತಿದರೆ ಎದುರಿಗೆ ಗಡಿಯಾರ. ದೋಷವಿಲ್ಲದ ಲೈನ್.

ಗಂಡ ಬಸ್ಸು ನಿಲ್ಲಿಸಿ ಮನೆಗೆ ಬಂದಾಗ ಅವಳು ಇನ್ನೂ ಹಾಗೇ ಅದನ್ನು ನೋಡುತ್ತ ಕೂತಿದ್ದಳು.

“ಏನಾಯ್ತು ಇವಳೇ? ಫೇಲಾ?”

“ಇಲ್ಲ.” ಅವಳು ಅವನ ಕಡೆ ತಿರುಗಲಿಲ್ಲ. “ರೀ, ಆ ಕಾಲರ್ ಮಿಷನ್ನು ಕೆಟ್ಟಿದೆ ಅಂತ ನಾನು ಯಾರಿಗೂ ಹೇಳ್ಲಿಲ್ಲ ಕಣ್ರಿ. ಒಂದಿನಾನೂ ಹೇಳ್ಲಿಲ್ಲ. ನಾನು ರಜ ಹಾಕಿದ ದಿನ, ಸೊನ್ನೆ ಲೈನು ತಾನೆ ಅಂತ ತಪಾಸಣೆಯೋರೂ ಸರಿಯಾಗಿ ನೋಡದೆ, ಮೊಂಡು ಕಾಲರ್ ಹಂಗೇ ಹೋಗಿರುತ್ತೆ. ಒಂದು ಸಲ ಇದ್ದಂಗೆ ಇನ್ನೊಂದು ಸಲ ಇರಲ್ಲ ಅಂದ್ರಲ್ಲ ಅವ್ರು. ಬೋರ್ಡಲ್ಲಿ ಸೊನ್ನೆ ಇದ್ರೆ ಹೊಸ ಮಿಷನ್ನು ಯಾರು ತರಿಸ್ತಾರೆ?”

“ಒಂದು ಕಾಲರ್‌ಗೆ ಯಾರಾದ್ರೂ ಕಾರ್ಖಾನೆ ಮುಚ್ತಾರೇನೇ?”

“ಗೊತ್ತಿಲ್ಲ. ಅದೇ, ನಂಗೆ ಗೊತ್ತಿಲ್ಲ.” ಅವಳ ಕಣ್ಣು ತುಂಬಿತು. “ಆ ಹುಡುಗೀರೆಲ್ಲ ಈಗ ಎಲ್ಲಿದಾರೋ.”

ಅವಳ ಭುಜ ಮುಟ್ಟಲು ಬಂದವನು ಹಾಗೇ ನಿಂತ, ಆಮೇಲೆ ನೀರು ತರುತ್ತೇನೆ ಎಂದು ಅಡುಗೆಮನೆಗೆ ಹೋದ. ಕಪಾಟು ತೆಗೆದ ಸದ್ದು, ಲೋಟದ ಸದ್ದು, ನಲ್ಲಿಯ ಸದ್ದು ಕೇಳಿಸಿತು. ಕಪಾಟು ಹಾಕಿದ ಸದ್ದು ಕೇಳಿಸಲಿಲ್ಲ. ಅವನು ನೀರು ತಂದು ಅವಳ ಕೈಗೆ ಕೊಟ್ಟ.

ಅವಳು ಅರ್ಧ ಎದ್ದಳು. ಮತ್ತೆ ಕೂತಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ರೀ,” ಎಂದಳು. “ಕಪಾಟಿನ ಬಾಗಿಲು ತೆಗೆದಿದೆ.”

ಅವನು ಹಣೆ ಮುಟ್ಟಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿ ಬಂದ.